ಎಷ್ಟು ಸೆಕೆಂಡಿಗೆ ಬಿತ್ತು?

(ನೆಟ್‌ವರ್ಕ್ ಮತ್ತು ಸರ್ವರ್ ನೋಡಿಕೊಳ್ಳುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೂರ್ತಿ ಸತ್ತು ಬಿದ್ದ ಸರ್ವರ್ ಕಂಡರೆ ನನಗೆ ಅಷ್ಟೇನೂ ಭಯವಿಲ್ಲ. ಅದು ಬಿದ್ದಿದೆ ಎಂದು ಎಲ್ಲರೂ ಒಪ್ಪುತ್ತಾರೆ, ನಾಲ್ಕು ಜನ ಓಡಿ ಬರುತ್ತಾರೆ, ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ನನ್ನ ನಿದ್ದೆ ಕೆಡಿಸಿರುವುದು ಇನ್ನೊಂದು ಥರದ ದೂರು: “ಒಂದೊಂದು ಸಲ ಕನೆಕ್ಟ್ ಆಗಲ್ಲ ಸರ್.” ಹೋಗಿ ನೋಡಿದರೆ ಚೆನ್ನಾಗಿಯೇ ನಡೆಯುತ್ತಿರುತ್ತದೆ. ದೂರು ಕೊಟ್ಟವರು ಮುಜುಗರದಿಂದ, “ಈಗ ಸರಿ ಇದೆ, ಆದರೆ ಆಗ ನಿಜವಾಗಲೂ ಬರುತ್ತಿರಲಿಲ್ಲ” ಎನ್ನುತ್ತಾರೆ. ನಾವು ತಲೆಯಾಡಿಸಿ, ಒಳಗೊಳಗೆ ಅವರನ್ನು ನಂಬದೆ, ಟಿಕೆಟ್ ಮುಚ್ಚಿ ಬರುತ್ತೇವೆ. ಎರಡು ದಿನಕ್ಕೆ ಅದೇ ಟಿಕೆಟ್ ಮತ್ತೆ ಬಾಯಿ ತೆರೆಯುತ್ತದೆ.

ಹಲವು ವರ್ಷಗಳ ಹಿಂದೆ ನಾನಿದ್ದ ತಂಡಕ್ಕೆ ಅಂಥದೊಂದು ದೂರು ಬಂತು. ಒಂದು ವೆಬ್ ಅಪ್ಲಿಕೇಶನ್, ಅದರ ಹಿಂದೆ ಡೇಟಾಬೇಸ್, ಎರಡರ ನಡುವೆ ಫೈರ್‌ವಾಲ್, ಅಂದರೆ ಯಾವ ಡೇಟಾ ದಾಟಬಹುದು ಎಂದು ನೋಡುವ ಕಾವಲು ಪೆಟ್ಟಿಗೆ. ಬೆಳಗ್ಗೆಯೆಲ್ಲ ಸರಿ. ಮಧ್ಯಾಹ್ನ ಊಟ ಮುಗಿಸಿ ಜನ ಮತ್ತೆ ಕೂತ ಹತ್ತು ನಿಮಿಷದಲ್ಲಿ ಕೆಲವರ ಪರದೆ ನಿಂತುಬಿಡುತ್ತದೆ. ಎಲ್ಲರದ್ದೂ ಅಲ್ಲ. ಪಕ್ಕದವರದು ಓಡುತ್ತಿರುತ್ತದೆ, ಇವರದು ನಿಂತಿರುತ್ತದೆ. ಊಟದ ನಂತರ ಎಲ್ಲರೂ ಒಟ್ಟಿಗೆ ಕ್ಲಿಕ್ ಮಾಡುತ್ತಾರಲ್ಲ, ಹಾಗಾಗಿ ಲೋಡ್ ಜಾಸ್ತಿಯಾಗಿದೆ ಎಂದು ನಾವು ತೀರ್ಮಾನಿಸಿದೆವು. ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ಮೊದಲೇ ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು) 20 ಇತ್ತು, 50 ಮಾಡಿದೆವು. ಮರುದಿನ ಇನ್ನೂ ಹೆಚ್ಚು ಜನರ ಪರದೆ ನಿಂತಿತು. ಕೇಬಲ್ ಬದಲಾಯಿಸಿದೆವು, ಸ್ವಿಚ್ ಬದಲಾಯಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಮೂರು ವಾರ ನಾವು ಸಿಕ್ಕ ಸಿಕ್ಕ ಎಮ್ಮೆಗೆಲ್ಲ ಬರೆ ಹಾಕಿದೆವು.

ಉತ್ತರ ಮೊದಲ ದಿನದ ಟಿಕೆಟ್‌ನಲ್ಲೇ ಬರೆದಿತ್ತು. ದೂರು ಕೊಟ್ಟ ಹೆಣ್ಣುಮಗಳು ಹೀಗೆ ಬರೆದಿದ್ದರು: “ಹಾಗೇ ಬಿಟ್ಟರೆ ಕಾಲು ಗಂಟೆಗೆ ತಾನಾಗಿಯೇ ಎರರ್ ಬರುತ್ತದೆ. ಯಾವಾಗಲೂ ಕಾಲು ಗಂಟೆಯೇ.” ನಮ್ಮಲ್ಲಿ ಹೆಚ್ಚಿನವರು ಆ ಸಾಲನ್ನು ಓದಿಯೇ ಇರಲಿಲ್ಲ. ಓದಿದ್ದವರಿಗೂ ಅದು ಬರೀ ಗೊಣಗಾಟವಾಗಿ ಕಂಡಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: “ಒಂದೊಂದು ಸಲ” ಎಂದು ಬರುವ ದೂರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ “ಏನು ಎರರ್ ಬಂತು” ಅಲ್ಲ, “ಎಷ್ಟು ಸೆಕೆಂಡಿಗೆ ಬಂತು” ಅನ್ನುವುದು. ಪ್ರೋಗ್ರಾಂಗಳು ಬೇಸರಪಟ್ಟುಕೊಂಡು ಕೈಬಿಡುವುದಿಲ್ಲ. ಯಾರೋ ಎಲ್ಲೋ ಒಂದು ಸಂಖ್ಯೆ ಬರೆದಿಟ್ಟಿರುತ್ತಾರೆ, ಆ ಸಂಖ್ಯೆ ಮುಗಿದಾಗ ಕೈಬಿಡುತ್ತವೆ. ಪ್ರತಿಯೊಂದು ಪದರಕ್ಕೂ ತನ್ನದೇ ಸಂಖ್ಯೆ ಇದೆ. ಗಡಿಯಾರ ನೋಡಿದರೆ ಯಾವ ಪದರ ಕೈಬಿಟ್ಟಿತು ಎನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಆ ಕಾಲು ಗಂಟೆಯನ್ನೇ ತೆಗೆದುಕೊಳ್ಳಿ. ಟಿಸಿಪಿ ಎಂದರೆ ಡೇಟಾವನ್ನು ಪ್ಯಾಕೆಟ್‌ಗಳಾಗಿ, ತಲುಪಿತೇ ಎಂದು ಖಚಿತಪಡಿಸಿಕೊಳ್ಳುತ್ತಾ ಸಾಗಿಸುವ ವಿಧಾನ. ಈಗಾಗಲೇ ತೆರೆದಿರುವ ಟಿಸಿಪಿ ಕನೆಕ್ಷನ್‌ನಲ್ಲಿ ಒಂದು ಪ್ಯಾಕೆಟ್ ಕಳಿಸಿ ಅದಕ್ಕೆ ಆ್ಯಕ್, ಅಂದರೆ ತಲುಪಿತು ಎಂಬ ಉತ್ತರ, ಬರದಿದ್ದರೆ, ಲಿನಕ್ಸ್ ಅದನ್ನು ಮತ್ತೆ ಕಳಿಸುತ್ತದೆ. ಮೊದಲು ಸುಮಾರು 200 ಮಿಲಿಸೆಕೆಂಡ್ ಕಾದು, ಆಮೇಲೆ 400, 800, ಹೀಗೆ ಪ್ರತಿ ಸಲ ದುಪ್ಪಟ್ಟು ಮಾಡುತ್ತಾ ಹೋಗಿ, 120 ಸೆಕೆಂಡ್ ಮುಟ್ಟಿದ ಮೇಲೆ ಅಲ್ಲೇ ನಿಲ್ಲುತ್ತದೆ. ಡೀಫಾಲ್ಟ್ ಆಗಿ ಹೀಗೆ 15 ಸಲ ಮರುಕಳಿಸಿ, ಕೊನೆಯದಕ್ಕೂ ಕಾದು, ಆಮೇಲೆ ಕೈಬಿಡುತ್ತದೆ. ಎಲ್ಲ ಕೂಡಿಸಿ ನೋಡಿ: 924.6 ಸೆಕೆಂಡ್. ಹದಿನೈದು ನಿಮಿಷ ಚಿಲ್ಲರೆ. ಅಂದರೆ ಆ ಹೆಣ್ಣುಮಗಳ “ಕಾಲು ಗಂಟೆ” ಹೇಳುತ್ತಿದ್ದುದು ಇದು: ಕನೆಕ್ಷನ್ ಇದೆ ಎಂದು ಅಪ್ಲಿಕೇಶನ್ ಸರ್ವರ್ ನಂಬಿದೆ, ಆ ನಂಬಿಕೆಯ ಮೇಲೆ ಕ್ವೆರಿ ಕಳಿಸಿದೆ, ಆ ಕಡೆಯಿಂದ ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಲೋಡ್ ಜಾಸ್ತಿಯಾದ ಡೇಟಾಬೇಸ್ ನಿಧಾನವಾಗಿ ಉತ್ತರ ಕೊಡುತ್ತದೆ, ಆದರೆ ಅದರ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಆ್ಯಕ್ ಕೊಡದೆ ಇರುವುದಿಲ್ಲ. ಆ್ಯಕ್ ಕೂಡ ಇಲ್ಲ ಎಂದರೆ ಪ್ಯಾಕೆಟ್ ಅಲ್ಲಿಗೆ ಹೋಗಿಯೇ ಇಲ್ಲ, ಅಥವಾ ಆ್ಯಕ್ ಇಲ್ಲಿಗೆ ಬರುತ್ತಿಲ್ಲ.

ಮಧ್ಯದಲ್ಲಿ ಇದ್ದದ್ದು ಫೈರ್‌ವಾಲ್. ಒಂದು ಗಂಟೆ ಯಾವ ಮಾತೂ ಆಡದ ಕನೆಕ್ಷನ್‌ಗಳನ್ನು ಅದು ತನ್ನ ಪಟ್ಟಿಯಿಂದ ಅಳಿಸಿಹಾಕುತ್ತಿತ್ತು. ಎರಡೂ ತುದಿಗೆ ಒಂದು ಮಾತು ಹೇಳಿ ಅಳಿಸಿದ್ದರೆ ತೊಂದರೆಯಿರಲಿಲ್ಲ. ಅದು ಹೇಳುವುದಿಲ್ಲ. ಊಟದ ಹೊತ್ತಿನಲ್ಲಿ ಪೂಲ್‌ನಲ್ಲಿದ್ದ ಬಹುಪಾಲು ಕನೆಕ್ಷನ್‌ಗಳು ಒಂದು ಗಂಟೆಗಿಂತ ಹೆಚ್ಚು ಮಲಗಿರುತ್ತಿದ್ದವು. ಒಬ್ಬಿಬ್ಬರು ಕೆಲಸ ಮಾಡುತ್ತಿದ್ದರೆ ಪೂಲ್ ಯಾವಾಗಲೂ ಈಗಷ್ಟೇ ಬಳಸಿದ ಬಿಸಿ ಕನೆಕ್ಷನ್ನನ್ನೇ ಮತ್ತೆ ಕೊಡುತ್ತದೆ, ಹಾಗಾಗಿ ಅವರಿಗೆ ತೊಂದರೆಯಿಲ್ಲ. ಜನ ಹೆಚ್ಚಾದಾಗ ಮಾತ್ರ ಪೂಲ್ ಅಡಿಯಲ್ಲಿ ಮಲಗಿದ್ದವನ್ನು ಎಬ್ಬಿಸುತ್ತದೆ, ಅವು ಸತ್ತಿರುತ್ತವೆ. ಆದ್ದರಿಂದಲೇ ಅದು ಲೋಡ್‌ನ ವೇಷ ಹಾಕಿಕೊಂಡು ಬಂದಿತ್ತು. ಪೂಲ್ ದೊಡ್ಡದು ಮಾಡಿದಾಗ ಹೆಣಗಳ ಸಂಖ್ಯೆ ಹೆಚ್ಚಾಯಿತು, ಅಷ್ಟೆ. ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಅಪ್ಲಿಕೇಶನ್ ರೀಸ್ಟಾರ್ಟ್ ಆಗುತ್ತಿದ್ದುದರಿಂದ ಬೆಳಗಿನ ಹೊತ್ತು ಎಲ್ಲ ಹೊಸದಾಗಿರುತ್ತಿತ್ತು.

ಇಂಥ ಮೌನ ಸಾವಿಗೆ ಟಿಸಿಪಿಯಲ್ಲಿ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಮೇಲೆ ಆಗಾಗ ತಪಾಸಣೆಯ ಪ್ಯಾಕೆಟ್ ಕಳಿಸುವುದು) ಎಂಬ ಮದ್ದು ಇದೆ, ಆದರೆ ಅಪ್ಲಿಕೇಶನ್ ಕೇಳದ ಹೊರತು ಅದು ಚಾಲೂ ಆಗುವುದಿಲ್ಲ. ಚಾಲೂ ಮಾಡಿದರೂ ಲಿನಕ್ಸ್‌ನಲ್ಲಿ ಮೊದಲ ತಪಾಸಣೆ ಹೋಗುವುದು 7200 ಸೆಕೆಂಡಿಗೆ, ಅಂದರೆ ಎರಡು ಗಂಟೆಗೆ. ಒಂದು ಗಂಟೆಗೆ ಅಳಿಸುವ ಫೈರ್‌ವಾಲ್ ಎದುರು ಎರಡು ಗಂಟೆಯ ಕೀಪ್‌ಅಲೈವ್ ಏನು ಮಾಡೀತು? ಅಂತರ್ಜಾಲದ ನಿಯಮಪತ್ರಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. 2008ರಲ್ಲಿ ಬಂದ ಆರ್‌ಎಫ್‌ಸಿ 5382 ಪ್ರಕಾರ ನ್ಯಾಟ್ ಪೆಟ್ಟಿಗೆಗಳು (ಹಲವು ಯಂತ್ರಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುವಂಥವು) ತೆರೆದಿರುವ ಟಿಸಿಪಿ ಕನೆಕ್ಷನ್ನನ್ನು ಕನಿಷ್ಠ 2 ಗಂಟೆ 4 ನಿಮಿಷ ನೆನಪಿಟ್ಟುಕೊಳ್ಳಬೇಕು. ಆ 4 ನಿಮಿಷ ಎಲ್ಲಿಂದ ಬಂತು ಎಂದು ಈಗ ನಿಮಗೇ ಹೊಳೆದಿರಬಹುದು: ಎರಡು ಗಂಟೆಯ ಕೀಪ್‌ಅಲೈವ್ ಬಂದು ಮುಟ್ಟುವುದಕ್ಕೆ ಬಿಟ್ಟ ಜಾಗ ಅದು. ನಿಯಮ ಹಾಗಿದೆ. ಪ್ರಪಂಚ ಹಾಗಿಲ್ಲ. ಅಮೆಜಾನ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಮರೆಯುತ್ತದೆ, ಅಜೂರ್‌ನ ಲೋಡ್ ಬ್ಯಾಲೆನ್ಸರ್ (ಬಂದ ಕೆಲಸವನ್ನು ಹಲವು ಸರ್ವರ್‌ಗಳಿಗೆ ಹಂಚುವಂಥದು) ಡೀಫಾಲ್ಟ್ ಆಗಿ 4 ನಿಮಿಷಕ್ಕೆ. ಅದನ್ನು ಬಯ್ದು ಪ್ರಯೋಜನವಿಲ್ಲ. ಕೀಪ್‌ಅಲೈವ್ ಸಮಯವನ್ನು ದಾರಿಯಲ್ಲಿರುವ ಅತಿ ಮರೆಗುಳಿ ಪೆಟ್ಟಿಗೆಗಿಂತ ಕಡಿಮೆ ಇಟ್ಟುಕೊಳ್ಳಬೇಕು.

ಸರಿ, ಉಳಿದ ಸಂಖ್ಯೆಗಳನ್ನು ನೋಡೋಣ.

ಹೊಸ ಕನೆಕ್ಷನ್ ತೆರೆಯುವಾಗ ಮೊದಲ ಸಿನ್ ಪ್ಯಾಕೆಟ್ (ಬಾಗಿಲು ತಟ್ಟುವ ಪ್ಯಾಕೆಟ್) ಕಳೆದುಹೋದರೆ, ಇವತ್ತಿನ ಲಿನಕ್ಸ್ 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. ಹಿಂದೆ ಇದು 3 ಸೆಕೆಂಡ್ ಇತ್ತು, 2011ರ ಆರ್‌ಎಫ್‌ಸಿ 6298 ಅದನ್ನು 1ಕ್ಕೆ ಇಳಿಸಿತು. ಕರ್ನೆಲ್ 6.5ಕ್ಕಿಂತ ಹಿಂದಿನ ಲಿನಕ್ಸ್‌ನಲ್ಲಿ ಎರಡನೆಯದೂ ಹೋದರೆ ಒಟ್ಟು 3 ಸೆಕೆಂಡ್, ಮೂರನೆಯದೂ ಹೋದರೆ 7. ನಿಮ್ಮ ಸೇವೆಯ ಪ್ರತಿಕ್ರಿಯೆ ಸಮಯದ ಗ್ರಾಫ್ ಬಿಡಿಸಿ ನೋಡಿ. ಬಹುಪಾಲು ಚುಕ್ಕೆಗಳು 40 ಮಿಲಿಸೆಕೆಂಡ್ ಸುತ್ತ ಇದ್ದು, ಒಂದು ಪುಟ್ಟ ಗುಂಪು ಸರಿಯಾಗಿ 1.04 ಸೆಕೆಂಡಿನಲ್ಲಿ, ಇನ್ನೂ ಪುಟ್ಟ ಗುಂಪು 3.04ರಲ್ಲಿ ಕೂತಿದ್ದರೆ, ಸರ್ವರ್ ಕೋಡ್ ಓದುವ ಶ್ರಮ ಬೇಡ. ಸಿನ್ ಬೀಳುತ್ತಿದೆ. ಸರಾಸರಿ ಮಾತ್ರ ನೋಡುವವರಿಗೆ ಇದು ಎಂದೂ ಕಾಣುವುದಿಲ್ಲ. ಅಂಥ ಲಿನಕ್ಸ್ ಡೀಫಾಲ್ಟ್‌ನಂತೆ ಆರು ಸಲ ಮರುಕಳಿಸಿ ಪೂರ್ತಿ ಕೈಬಿಡುವುದು 127 ಸೆಕೆಂಡಿಗೆ. ಹಳೆಯ ವಿಂಡೋಸ್ ಯಂತ್ರಗಳಲ್ಲಿ 21 ಸೆಕೆಂಡ್: 3, 6, 12 ಕೂಡಿಸಿದರೆ ಬರುವುದು.

5 ಸೆಕೆಂಡ್ ಎಂದರೆ ನಾನು ಕಣ್ಣು ಮುಚ್ಚಿ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಡೆ ತಿರುಗುತ್ತೇನೆ. ಲಿನಕ್ಸ್‌ನ ರಿಸಾಲ್ವರ್ ಒಂದು ಹೆಸರು ಕೇಳಿ ಉತ್ತರ ಬರದಿದ್ದರೆ ಕಾಯುವುದು ಅಷ್ಟು ಹೊತ್ತು. ಕಂಟೇನರ್‌ಗಳ ಕಾಲದಲ್ಲಿ ಇದು ಬಹಳ ಜನರನ್ನು ಗೋಳು ಹೊಯ್ದುಕೊಂಡಿದೆ. ರಿಸಾಲ್ವರ್ ಐಪಿವಿ4 ವಿಳಾಸಕ್ಕೊಂದು, ಐಪಿವಿ6 ವಿಳಾಸಕ್ಕೊಂದು ಪ್ರಶ್ನೆಯನ್ನು ಒಂದೇ ಸಾಕೆಟ್‌ನಿಂದ ಬೆನ್ನುಬೆನ್ನಿಗೆ ಕಳಿಸುತ್ತದೆ. ಎರಡೂ ಒಂದೇ ಕ್ಷಣಕ್ಕೆ ಕರ್ನೆಲ್‌ನ ಕಾನ್‌ಟ್ರ್ಯಾಕ್ ಪಟ್ಟಿಗೆ (ನಡೆಯುತ್ತಿರುವ ಕನೆಕ್ಷನ್‌ಗಳ ಲೆಕ್ಕದ ಪಟ್ಟಿ) ಸೇರಲು ನುಗ್ಗಿದಾಗ, ಒಂದು ಒಳಗೆ ಹೋಗಿ ಇನ್ನೊಂದು ಬಿದ್ದುಹೋಗುತ್ತದೆ. ಬಿದ್ದದ್ದಕ್ಕಾಗಿ ರಿಸಾಲ್ವರ್ 5 ಸೆಕೆಂಡ್ ಕಾಯುತ್ತದೆ. ನೂರರಲ್ಲೋ ಸಾವಿರದಲ್ಲೋ ಒಂದು ಸಲ. ಪ್ರೋಗ್ರಾಮರ್ “ನೆಟ್‌ವರ್ಕ್ ಸರಿಯಿಲ್ಲ” ಎನ್ನುತ್ತಾನೆ, ನೆಟ್‌ವರ್ಕ್‌ನವನು ಪಿಂಗ್ ಮಾಡಿ (ಇದ್ದೀಯಾ ಎಂದು ಯಂತ್ರವನ್ನು ಕೇಳುವ ಪ್ಯಾಕೆಟ್ ಕಳಿಸಿ) “ಒಂದೂ ಡ್ರಾಪ್ ಇಲ್ಲ” ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಪ್ರತಿ ಯಂತ್ರದಲ್ಲೂ ಒಂದು ಡಿಎನ್‌ಎಸ್ ಕ್ಯಾಶ್ ಇಟ್ಟರೆ ಬಹುತೇಕ ಮುಗಿಯುತ್ತದೆ.

ಕರಾರುವಾಕ್ಕಾಗಿ 30 ಅಥವಾ 60 ಸೆಕೆಂಡ್ ಬಂದರೆ ಅದು ಮನುಷ್ಯರು ಬರೆದ ದುಂಡು ಸಂಖ್ಯೆ. ಕರ್ನೆಲ್‌ಗೆ ದುಂಡು ಸಂಖ್ಯೆಗಳ ಮೋಹವಿಲ್ಲ, ಅದರವು 127, 924 ಹೀಗೆ ವಿಕಾರವಾಗಿರುತ್ತವೆ. ದುಂಡು ಸಂಖ್ಯೆ ಕಂಡರೆ ಪ್ರಾಕ್ಸಿ (ಬಳಕೆದಾರ ಮತ್ತು ಸರ್ವರ್ ನಡುವೆ ನಿಂತು ಮಾತು ದಾಟಿಸುವುದು), ಲೋಡ್ ಬ್ಯಾಲೆನ್ಸರ್, ಅಪ್ಲಿಕೇಶನ್ ಸಂರಚನೆ ಇವುಗಳನ್ನು ನೋಡಿ. ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿ ತನ್ನ ಹಿಂದಿನ ಸರ್ವರ್‌ನ ಉತ್ತರಕ್ಕೆ ಡೀಫಾಲ್ಟ್ ಆಗಿ ಕಾಯುವುದು 60 ಸೆಕೆಂಡ್.

ಇನ್ನು ಸೊನ್ನೆ ಸೆಕೆಂಡ್. ತಕ್ಷಣ ಬೀಳುವುದು. ಇದರಲ್ಲಿ ಎರಡು ಬಗೆ, ಇವೆರಡನ್ನೂ ಒಂದೇ ಎಂದು ಟಿಕೆಟ್‌ನಲ್ಲಿ ಬರೆಯುವವರು ನಮ್ಮಲ್ಲಿ ಬಹಳ. “ಕನೆಕ್ಷನ್ ರೆಫ್ಯೂಸ್ಡ್” ಎಂದರೆ ಬಾಗಿಲು ತಟ್ಟಿದಾಗ ಯಾರೋ ಇಲ್ಲ ಎಂದು ಹೇಳಿದರು. ಯಂತ್ರ ಬದುಕಿದೆ, ದಾರಿ ಸರಿಯಿದೆ, ಆ ಪೋರ್ಟಿನಲ್ಲಿ (ಯಂತ್ರದ ಆ ಸಂಖ್ಯೆಯ ಬಾಗಿಲಲ್ಲಿ) ಕೇಳುವವರಿಲ್ಲ. ಸೇವೆ ರೀಸ್ಟಾರ್ಟ್ ಆಗುವ ಎರಡು ಮೂರು ಸೆಕೆಂಡಿನಲ್ಲಿ ಬಂದವರಿಗೆ ಸಿಗುವುದು ಇದೇ. “ಕನೆಕ್ಷನ್ ರೀಸೆಟ್” ಎಂದರೆ ಮಾತು ನಡೆಯುತ್ತಿದ್ದಾಗಲೇ ಯಾರೋ ಕತ್ತರಿಸಿದರು. ಯಾರು ಎನ್ನುವುದು ಪ್ರಶ್ನೆ. ರೀಸೆಟ್ ಪ್ಯಾಕೆಟ್‌ನ ಮೇಲೆ ಸರ್ವರ್‌ನ ವಿಳಾಸವೇ ಇರುತ್ತದೆ, ಆದರೆ ಅದನ್ನು ನಂಬಬೇಡಿ. ಮಧ್ಯದ ಪೆಟ್ಟಿಗೆಗಳು ಸರ್ವರ್‌ನ ಹೆಸರಲ್ಲಿ ರೀಸೆಟ್ ಕಳಿಸುವುದುಂಟು. ಪ್ಯಾಕೆಟ್‌ನ ಮೇಲಿರುವ ಟಿಟಿಎಲ್ ಎಂಬ ಎಣಿಕೆ ನೋಡಿ. ಪ್ರತಿ ರೌಟರ್ ದಾಟಿದಾಗಲೂ ಅದು ಒಂದು ಕಡಿಮೆಯಾಗುತ್ತದೆ. ಸರ್ವರ್‌ನ ಉಳಿದ ಪ್ಯಾಕೆಟ್‌ಗಳೆಲ್ಲ 57ರಲ್ಲಿ ಬರುತ್ತಿದ್ದು ರೀಸೆಟ್ ಮಾತ್ರ 62ರಲ್ಲಿ ಅಥವಾ 253ರಲ್ಲಿ ಬಂದರೆ, ಅದು ಆ ಸರ್ವರ್‌ನ ಕೈಬರಹವಲ್ಲ. ಈ ಒಂದು ಸಂಖ್ಯೆಯಿಂದ ಎರಡು ತಂಡಗಳ ನಡುವಿನ ವಾರದ ಜಗಳ ಐದು ನಿಮಿಷದಲ್ಲಿ ಮುಗಿದದ್ದನ್ನು ನೋಡಿದ್ದೇನೆ.

ರೀಸೆಟ್‌ನಲ್ಲಿ ಇನ್ನೊಂದು ಬಗೆಯಿದೆ, ನನಗೆ ಬಹಳ ಇಷ್ಟವಾದದ್ದು. ಮುಂದಿನ ಲೋಡ್ ಬ್ಯಾಲೆನ್ಸರ್ ಖಾಲಿ ಕನೆಕ್ಷನ್ನನ್ನು 60 ಸೆಕೆಂಡ್ ಇಟ್ಟುಕೊಳ್ಳುತ್ತದೆ, ಹಿಂದಿನ ಅಪಾಚೆ ವೆಬ್ ಸರ್ವರ್ 5 ಸೆಕೆಂಡಿಗೆ ಮುಚ್ಚುತ್ತದೆ ಎಂದುಕೊಳ್ಳಿ. ಐದನೇ ಸೆಕೆಂಡಿನ ಅಂಚಿನಲ್ಲಿ ಅಪಾಚೆ “ಮುಚ್ಚಿದೆ” ಎಂದು ಕಳಿಸುತ್ತದೆ. ಅದೇ ಗಳಿಗೆಯಲ್ಲಿ ಲೋಡ್ ಬ್ಯಾಲೆನ್ಸರ್ ಅದೇ ಕನೆಕ್ಷನ್ ಮೇಲೆ ಹೊಸ ರಿಕ್ವೆಸ್ಟ್ ಕಳಿಸುತ್ತದೆ. ಎರಡೂ ದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ಬಳಕೆದಾರನಿಗೆ 502, ಅಂದರೆ ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಎರರ್. ಕೆಲವು ಮಿಲಿಸೆಕೆಂಡಿನ ಕಿಂಡಿ ಅದು. ದಟ್ಟಣೆ ತುಂಬಾ ಇದ್ದಾಗ ಯಾವ ಕನೆಕ್ಷನ್ನೂ 5 ಸೆಕೆಂಡ್ ಖಾಲಿ ಕೂರುವುದಿಲ್ಲ, ಆಗ ಈ ದೋಷ ಬರುವುದಿಲ್ಲ. ದಟ್ಟಣೆ ತೀರಾ ಕಡಿಮೆಯಿದ್ದರೂ ಆ ಕಿಂಡಿಗೆ ಯಾರೂ ಬಂದು ಬೀಳುವುದಿಲ್ಲ. ಹದವಾಗಿದ್ದಾಗ ಬರುತ್ತದೆ. ಲೋಡ್ ಟೆಸ್ಟ್‌ನಲ್ಲಿ ಸಿಗದ ದೋಷ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಿ. ಹಿಂದಿರುವವನ ಕಾಯುವ ಸಮಯ ಮುಂದಿರುವವನದಕ್ಕಿಂತ ಹೆಚ್ಚಿರಲಿ, ಅಂದರೆ ಮುಚ್ಚುವ ಕೆಲಸವನ್ನು ಯಾವಾಗಲೂ ಮುಂದಿನವನೇ ಮಾಡಲಿ.

ಸೆಕೆಂಡ್ ಕೈಗೆ ಸಿಗದಿದ್ದಾಗ ನಾನು ಭಿನ್ನರಾಶಿ ಹುಡುಕುತ್ತೇನೆ. ಎಷ್ಟರಲ್ಲಿ ಎಷ್ಟು ಬೀಳುತ್ತಿದೆ? ಮೂರರಲ್ಲಿ ಒಂದು ಎಂದರೆ ಯಾವುದೋ ಮೂರು ಇವೆ, ಅದರಲ್ಲಿ ಒಂದು ಕೆಟ್ಟಿದೆ. ಲೋಡ್ ಬ್ಯಾಲೆನ್ಸರ್ ಹಿಂದಿನ ಮೂರು ಸರ್ವರ್ ಇರಬಹುದು, ಒಂದೇ ಹೆಸರಿಗೆ ಡಿಎನ್‌ಎಸ್ ಕೊಡುವ ಮೂರು ವಿಳಾಸ ಇರಬಹುದು. ಇದರ ಕಷ್ಟದ ರೂಪವೊಂದಿದೆ. ದೊಡ್ಡ ಜಾಲಗಳಲ್ಲಿ ಎರಡು ರೌಟರ್‌ಗಳ ನಡುವೆ ನಾಲ್ಕೋ ಎಂಟೋ ಸಮಾನ ದಾರಿಗಳಿರುತ್ತವೆ. ಯಾವ ಕನೆಕ್ಷನ್ ಯಾವ ದಾರಿ ಹಿಡಿಯಬೇಕು ಎನ್ನುವುದನ್ನು ಎರಡೂ ಕಡೆಯ ವಿಳಾಸ, ಎರಡೂ ಕಡೆಯ ಪೋರ್ಟ್, ಪ್ರೊಟೋಕಾಲ್ ಈ ಐದನ್ನು ಕಲಸಿ ಲೆಕ್ಕ ಹಾಕಿ ನಿರ್ಧರಿಸುತ್ತಾರೆ. ನಾಲ್ಕರಲ್ಲಿ ಒಂದು ದಾರಿಯ ಆಪ್ಟಿಕ್ ಮಾಡ್ಯೂಲ್ ಹಾಳಾಗಿದ್ದರೆ ನಾಲ್ಕರಲ್ಲೊಂದು ಕನೆಕ್ಷನ್ ನರಳುತ್ತದೆ, ಉಳಿದವು ಆರಾಮಾಗಿರುತ್ತವೆ. ಕ್ಲೈಂಟ್ ಮತ್ತೆ ಪ್ರಯತ್ನಿಸಿದಾಗ ಅದರ ಪೋರ್ಟ್ ಬದಲಾಗುತ್ತದೆ, ಹೊಸ ದಾರಿ ಸಿಗುತ್ತದೆ, “ರಿಟ್ರೈ ಮಾಡಿದರೆ ಸರಿಹೋಗುತ್ತೆ” ಎಂಬ ಕತೆ ಹುಟ್ಟುತ್ತದೆ. ಪಿಂಗ್‌ಗೆ ಪೋರ್ಟೇ ಇಲ್ಲ, ಆದ್ದರಿಂದ ಅದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಹೋಗಿ ಬಂದು ಎಲ್ಲ ಸರಿ ಎನ್ನುತ್ತಿರುತ್ತದೆ. ಇದನ್ನು ಹಿಡಿಯುವುದು ಸುಲಭ: ಕ್ಲೈಂಟ್ ಕಡೆಯ ಪೋರ್ಟನ್ನು ನಾವೇ ಕೊಟ್ಟು ಕನೆಕ್ಟ್ ಮಾಡುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. 40001, 40002, ಹೀಗೆ ಇನ್ನೂರು ಪೋರ್ಟ್. ಎರಡನೇ ಸುತ್ತಿನಲ್ಲೂ ಅವೇ ಪೋರ್ಟ್‌ಗಳು ಬಿದ್ದರೆ ಅಲ್ಲಿಗೆ “ಒಂದೊಂದು ಸಲ” ಎನ್ನುವ ಮಾತು ಸತ್ತಿತು. 40017 ಯಾವಾಗಲೂ ಬೀಳುತ್ತದೆ, 40018 ಎಂದೂ ಬೀಳುವುದಿಲ್ಲ. ಆ ಪಟ್ಟಿ ಹಿಡಿದು ಹೋದರೆ ಯಾವ ನೆಟ್‌ವರ್ಕ್ ತಂಡವೂ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ.

ಮೂರನೆಯದು ಗಾತ್ರ. ಲಾಗಿನ್ ಆಗುತ್ತದೆ, ಸಣ್ಣ ಪಟ್ಟಿ ಬರುತ್ತದೆ, ದೊಡ್ಡ ವರದಿ ತೆರೆದರೆ ನಿಂತುಬಿಡುತ್ತದೆ. ಬಳಕೆದಾರನಿಗೆ ಇದೂ “ಒಂದೊಂದು ಸಲ”ವೇ, ಯಾಕೆಂದರೆ ದೊಡ್ಡ ವರದಿಯನ್ನು ಅವನು ತೆರೆಯುವುದು ಒಂದೊಂದು ಸಲ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್. ದಾರಿಯಲ್ಲೊಂದು ಟನಲ್ (ಪ್ಯಾಕೆಟ್‌ಗೆ ಇನ್ನೊಂದು ಹೊದಿಕೆ ಸುತ್ತಿ ಸಾಗಿಸುವ ದಾರಿ) ಇದ್ದರೆ ಅದರ ಹೊದಿಕೆಗೂ ಜಾಗ ಬೇಕು: ಪಿಪಿಪಿಒಇ ಆದರೆ ಉಳಿಯುವುದು 1492, ಜಿಆರ್‌ಇ ಆದರೆ 1476. ಹಿಡಿಸದ ಪ್ಯಾಕೆಟ್ ಬಂದಾಗ ರೌಟರ್ “ಇದು ದೊಡ್ಡದಾಯಿತು, ಸಣ್ಣದು ಕಳಿಸು” ಎಂದು ಐಸಿಎಂಪಿ (ಜಾಲದ ತೊಂದರೆ ತಿಳಿಸಲು ಇರುವ ವಿಧಾನ) ಸಂದೇಶ ಕಳಿಸಬೇಕು. ಕಳಿಸುತ್ತದೆ ಕೂಡ. ಆದರೆ ಭದ್ರತೆಯ ಹೆಸರಲ್ಲಿ ಯಾರೋ ಐಸಿಎಂಪಿಯನ್ನು ಪೂರ್ತಿ ತಡೆದಿರುತ್ತಾರೆ. ಸರ್ವರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತದೆ, ಅದು ಅದೇ ಜಾಗದಲ್ಲಿ ಮತ್ತೆ ಮತ್ತೆ ಸಾಯುತ್ತದೆ. ಒಡೆಯಬಾರದು ಎಂಬ ಗುರುತಿನೊಂದಿಗೆ 1472 ಬೈಟಿನ ಪಿಂಗ್ ಕಳಿಸಿ ನೋಡಿ, ಇಪ್ಪತ್ತೆಂಟು ಬೈಟ್ ಹೆಡರ್ ಸೇರಿ ಸರಿಯಾಗಿ 1500 ಆಗುತ್ತದೆ. ಹೋಗದಿದ್ದರೆ ಇಳಿಸುತ್ತಾ ಬನ್ನಿ. ಐಸಿಎಂಪಿ ಪೂರ್ತಿ ತಡೆಯುವುದು ಭದ್ರತೆಯಲ್ಲ, ಸೋಮಾರಿತನ ಎಂದೇ ನನ್ನ ಅಭಿಪ್ರಾಯ. ಇಲ್ಲಿ ಭದ್ರತೆಯವರು ಯಾರಾದರೂ ಇದ್ದರೆ ಆಮೇಲೆ ಜಗಳವಾಡೋಣ.

ತುಂಬಿ ಹರಿಯುವ ಪಟ್ಟಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಇವು ಹುಡುಕಿದರೆ ಸಿಗುವಂಥವು. ಲಿನಕ್ಸ್ ಕ್ಲೈಂಟ್ ಬಳಸುವ ತಾತ್ಕಾಲಿಕ ಪೋರ್ಟ್‌ಗಳು 32768ರಿಂದ 60999ರವರೆಗೆ, ಅಂದರೆ 28,232. ತಾನೇ ಮೊದಲು ಮುಚ್ಚಿದ ಕನೆಕ್ಷನ್ 60 ಸೆಕೆಂಡ್ ಟೈಮ್‌ವೇಟ್ ಎಂಬ ಸ್ಥಿತಿಯಲ್ಲಿ ಪೋರ್ಟ್ ಹಿಡಿದುಕೊಂಡು ಕೂರುತ್ತದೆ. ಭಾಗಿಸಿ: ಒಂದೇ ಸರ್ವರ್‌ನ ಒಂದೇ ಪೋರ್ಟ್‌ಗೆ ಸೆಕೆಂಡಿಗೆ ಸುಮಾರು 470 ಕನೆಕ್ಷನ್ ಮೀರಿದರೆ ಪೋರ್ಟ್ ಬರಿದಾಗುವ ದಾರಿ ಹಿಡಿದಿರಿ. ಸರ್ವರ್ ಕಡೆ, ಅಪ್ಲಿಕೇಶನ್ ಇನ್ನೂ ಎತ್ತಿಕೊಳ್ಳದ ಕನೆಕ್ಷನ್‌ಗಳ ಸಾಲು ತುಂಬಿದರೆ ಲಿನಕ್ಸ್ ಸದ್ದಿಲ್ಲದೆ ಹೊಸಬರನ್ನು ಬೀಳಿಸುತ್ತದೆ. ಆ ಸಾಲಿನ ಮೇಲ್ಮಿತಿ ಬಹುಕಾಲ 128 ಇತ್ತು, ಕರ್ನೆಲ್ 5.4ರಿಂದ 4096. ಸಾಕೆಟ್‌ಗಳ ಪಟ್ಟಿ ತೋರಿಸುವ ಎಸ್‌ಎಸ್ ಕಮಾಂಡ್‌ನಲ್ಲಿ, ಹೊಸ ಕನೆಕ್ಷನ್‌ಗಾಗಿ ಕಾಯುತ್ತಿರುವ ಸಾಕೆಟ್‌ನ ಎದುರು ಎರಡು ಸಂಖ್ಯೆ ಇರುತ್ತವೆ: ಮೊದಲನೆಯದು ಈಗ ಸಾಲಿನಲ್ಲಿರುವವರು, ಎರಡನೆಯದು ಮಿತಿ. ಎರಡೂ ಹತ್ತಿರವಾಗಿದ್ದರೆ ಉತ್ತರ ಸಿಕ್ಕಿತು. ಕಾನ್‌ಟ್ರ್ಯಾಕ್ ಪಟ್ಟಿ ತುಂಬಿದರೆ ಕರ್ನೆಲ್ ಲಾಗ್‌ನಲ್ಲಿ ಅದೇ ಹೇಳಿಕೊಳ್ಳುತ್ತದೆ, ಓದುವವರು ಬೇಕಷ್ಟೆ.

ಈಗ ಪ್ಯಾಕೆಟ್ ಹಿಡಿಯುವ ವಿಷಯ. ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹುಟ್ಟಿದ್ದು 1988ರಲ್ಲಿ, ಲಾರೆನ್ಸ್ ಬರ್ಕ್ಲಿ ಲ್ಯಾಬೊರೇಟರಿಯಲ್ಲಿ, ವ್ಯಾನ್ ಜೇಕಬ್ಸನ್ ಮತ್ತು ಅವರ ಸಂಗಡಿಗರ ಕೈಯಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1986ರ ಅಕ್ಟೋಬರ್‌ನಲ್ಲಿ, ಆ ಲ್ಯಾಬಿಗೂ ಅಲ್ಲಿಂದ ಸುಮಾರು 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಡೇಟಾ ಹರಿವು ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಉತ್ತರ ಬರದಿದ್ದಾಗ ಯಂತ್ರಗಳು ಮತ್ತೆ ಮತ್ತೆ ಕಳಿಸುತ್ತಿದ್ದವು, ಆ ಮರುಕಳಿಕೆಯಿಂದಲೇ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು. ಆ ಕುಸಿತವನ್ನು ಬೆನ್ನಟ್ಟಿ ಹೋದದ್ದರಿಂದ ಟಿಸಿಪಿಗೆ ದಟ್ಟಣೆ ನಿಯಂತ್ರಣ ಬಂತು. ಇವತ್ತು ನಮ್ಮ ಅಪ್ಲಿಕೇಶನ್‌ಗಳು ಎರರ್ ಬಂದ ತಕ್ಷಣ ಯಾವ ಬಿಡುವೂ ಇಲ್ಲದೆ ಮೂರು ಸಲ ರಿಟ್ರೈ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಆ ನಾನೂರು ಗಜ ನೆನಪಾಗುತ್ತದೆ.

ಪ್ಯಾಕೆಟ್ ಹಿಡಿಯುವಾಗ ಎರಡೂ ತುದಿಯಲ್ಲಿ ಹಿಡಿಯಿರಿ. ಒಂದೇ ತುದಿಯಲ್ಲಿ ಹಿಡಿದರೆ ನಿಮಗೆ ಸಿಗುವುದು ಒಂದೇ ಕಡೆಯ ವಾದ. ಕ್ಲೈಂಟ್‌ನಿಂದ ಸಿನ್ ಹೊರಟಿತು, ಉತ್ತರ ಬರಲಿಲ್ಲ. ಸಿನ್ ದಾರಿಯಲ್ಲಿ ಬಿತ್ತೋ, ಸರ್ವರ್ ಉತ್ತರಿಸಲಿಲ್ಲವೋ, ಉತ್ತರ ವಾಪಸ್ ಬರುವಾಗ ಬಿತ್ತೋ? ಮೂರಕ್ಕೂ ಮದ್ದು ಬೇರೆ, ತಂಡ ಬೇರೆ. ಎರಡೂ ಕಡೆಯ ಫೈಲ್ ಪಕ್ಕಪಕ್ಕ ಇಟ್ಟರೆ ಅನುಮಾನಕ್ಕೆ ಜಾಗವಿರುವುದಿಲ್ಲ. ಯಂತ್ರಗಳ ಗಡಿಯಾರ ಹೊಂದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಧ್ಯದಲ್ಲಿ ನ್ಯಾಟ್ ಇದ್ದರೆ ವಿಳಾಸ, ಪೋರ್ಟ್ ಬದಲಾಗಿರುತ್ತವೆ. ಆಗ ಡೇಟಾದ ಕ್ರಮ ಹೇಳುವ ಸೀಕ್ವೆನ್ಸ್ ಸಂಖ್ಯೆ ಹಿಡಿದು ಜೋಡಿಸಿ. ಕೆಲವು ಫೈರ್‌ವಾಲ್‌ಗಳು ಅದನ್ನೂ ಬದಲಿಸುತ್ತವೆ, ಅಂಥಲ್ಲಿ ಒಳಗಿನ ಡೇಟಾ ನೋಡಿಯೇ ಹೊಂದಿಸಬೇಕು, ತಲೆನೋವಿನ ಕೆಲಸ.

ದೋಷ ಯಾವಾಗ ಬರುತ್ತದೋ ಗೊತ್ತಿಲ್ಲ, ಡಿಸ್ಕ್ ತುಂಬಿಹೋಗುತ್ತದೆ ಎಂದು ಹೆದರಬೇಡಿ. ತಲಾ 100 ಎಂಬಿಯ 20 ಫೈಲ್ ಸುತ್ತುತ್ತಾ ಬರೆಯುವಂತೆ ಹೇಳಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಪ್ರತಿ ಪ್ಯಾಕೆಟ್‌ನ ಮೊದಲ ನೂರಿಪ್ಪತ್ತು ಬೈಟ್ ಸಾಕು, ನಮಗೆ ಬೇಕಿರುವುದು ಹೆಡರ್, ಒಳಗಿನ ಗುಟ್ಟಲ್ಲ. ದೋಷ ಬಂದ ಕೂಡಲೇ ನಿಲ್ಲಿಸಿ. ಆ “ಕೂಡಲೇ”ಯನ್ನು ಮನುಷ್ಯರ ಕೈಗೆ ಬಿಡಬೇಡಿ, ಲಾಗ್‌ನಲ್ಲಿ ಎರರ್ ಕಂಡರೆ ನಿಲ್ಲಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆಯಿರಿ. ಮೊದಲ ಸಲ ನೋಡುವವರಿಗೆ ಒಂದು ಮಾತು: ಕಳಿಸುವ ಯಂತ್ರದಲ್ಲಿ ಹಿಡಿದ ಪ್ಯಾಕೆಟ್‌ಗಳಲ್ಲಿ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೇ ಎಂದು ನೋಡುವ ಲೆಕ್ಕ) ತಪ್ಪು ಎಂದು ಕೆಂಪು ಕಂಡರೆ, ಪ್ಯಾಕೆಟ್ 1500 ಬೈಟ್ ಮೀರಿ ಕಂಡರೆ, ಗಾಬರಿಯಾಗಬೇಡಿ. ಚೆಕ್‌ಸಮ್ ಹಾಕುವುದು, ಕತ್ತರಿಸುವುದು ಎರಡನ್ನೂ ನೆಟ್‌ವರ್ಕ್ ಕಾರ್ಡ್ ಆಮೇಲೆ ಮಾಡುತ್ತದೆ. ನೀವು ನೋಡುತ್ತಿರುವುದು ಅದಕ್ಕಿಂತ ಮುಂಚಿನ ರೂಪ. ನಾನು ಇದನ್ನೇ ಕಾರಣವೆಂದು ನಂಬಿ ಒಂದು ದಿನ ಪೂರ್ತಿ ಹಾಳು ಮಾಡಿದ್ದೇನೆ.

ಇನ್ನು, ಅಂತರ್ಜಾಲದಲ್ಲಿ ಸಿಕ್ಕಿದ ಸೆಟ್ಟಿಂಗ್ ತಂದು ಅಂಟಿಸುವ ಚಟ. ಟೈಮ್‌ವೇಟ್ ಜಾಸ್ತಿಯಾಗಿದೆ ಎಂದು ಹುಡುಕಿದವರಿಗೆ ವರ್ಷಗಟ್ಟಲೆ ಸಿಗುತ್ತಿದ್ದ ಸಲಹೆ: ಟಿಡಬ್ಲ್ಯೂ ರೀಸೈಕಲ್ ಎಂಬ ಕರ್ನೆಲ್ ಸೆಟ್ಟಿಂಗ್ ಚಾಲೂ ಮಾಡಿ. ಮಾಡಿದರೆ ಟೈಮ್‌ವೇಟ್ ಮಾಯವಾಗುತ್ತಿತ್ತು, ನಿಜ. ಆದರೆ ಅದು ಒಂದೊಂದು ಐಪಿ ವಿಳಾಸಕ್ಕೂ ಕೊನೆಯ ಟೈಮ್‌ಸ್ಟ್ಯಾಂಪ್ ನೆನಪಿಟ್ಟುಕೊಂಡು, ಅದಕ್ಕಿಂತ ಹಿಂದಿನ ಟೈಮ್‌ಸ್ಟ್ಯಾಂಪ್ ಹೊತ್ತು ಬಂದ ಸಿನ್ ಅನ್ನು ಹಳೆಯ ಪ್ಯಾಕೆಟ್ ಎಂದು ಭಾವಿಸಿ ಬಿಸಾಡುತ್ತಿತ್ತು. ಒಂದೇ ನ್ಯಾಟ್ ಹಿಂದೆ ನೂರು ಜನ ಇದ್ದರೆ ಸರ್ವರ್‌ಗೆ ಕಾಣುವುದು ಒಂದೇ ವಿಳಾಸ, ಆದರೆ ನೂರು ಯಂತ್ರಗಳ ನೂರು ಗಡಿಯಾರ. ಮುಂದಿರುವ ಗಡಿಯಾರದವನು ಬಂದು ಹೋದ ಮೇಲೆ ಹಿಂದಿರುವವನಿಗೆ ಪ್ರವೇಶವಿಲ್ಲ. ಒಂದೇ ಕೋಣೆಯಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಸೈಟ್ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. 2017ರಲ್ಲಿ ಕರ್ನೆಲ್ 4.12 ಆ ಸೆಟ್ಟಿಂಗನ್ನೇ ಕಿತ್ತುಹಾಕಿತು. ಇಲ್ಲದ ಸೆಟ್ಟಿಂಗನ್ನು ಚಾಲೂ ಮಾಡುವ ಸಾಲು ಈಗಲೂ ಕೆಲವರ ಸಂರಚನಾ ಫೈಲ್‌ಗಳಲ್ಲಿ ಹಾಯಾಗಿ ಕೂತಿರುತ್ತದೆ.

ಸರಿಪಡಿಸಿದೆವು ಎಂದು ಯಾವಾಗ ಹೇಳಬಹುದು? ನೂರಕ್ಕೆ ಒಂದು ಬೀಳುತ್ತಿತ್ತು ಎಂದುಕೊಳ್ಳಿ. ಏನೋ ಬದಲಾಯಿಸಿ ನೂರು ಸಲ ಪ್ರಯತ್ನಿಸಿದಿರಿ, ಒಂದೂ ಬೀಳಲಿಲ್ಲ. ಗೆದ್ದಿರಾ? ಏನೂ ಬದಲಾಯಿಸದೆ ಇದ್ದರೂ ನೂರೂ ಸಲ ಬೀಳದೆ ಇರುವ ಸಾಧ್ಯತೆ ನೂರಕ್ಕೆ 36ಕ್ಕಿಂತ ಹೆಚ್ಚು. ಮುನ್ನೂರು ಸಲ ಬೀಳದಿದ್ದರೆ ಅದು ನೂರಕ್ಕೆ 5ರ ಹತ್ತಿರ ಇಳಿಯುತ್ತದೆ. ಆದ್ದರಿಂದ ಮೊದಲು ದೋಷ ಎಷ್ಟಕ್ಕೆ ಒಂದು ಎಂದು ಅಳೆಯಿರಿ, ಆಮೇಲೆ ಅದರ ಮೂರು ಪಟ್ಟು ಪ್ರಯತ್ನಿಸಿ ನೋಡಿ. ಅದಕ್ಕಿಂತ ಒಳ್ಳೆಯದು, ಗೊತ್ತಾದ ಕಾರಣವನ್ನು ಇಟ್ಟು ದೋಷವನ್ನು ನೀವೇ ಬರಿಸಿ ತೋರಿಸುವುದು. ನಮ್ಮ ಊಟದ ನಂತರದ ದೋಷದಲ್ಲಿ ನಾವು ಪರೀಕ್ಷಾ ಸರ್ವರ್‌ನ ಪೂಲ್‌ನಿಂದ ಹತ್ತು ಕನೆಕ್ಷನ್ ತೆರೆದು, 65 ನಿಮಿಷ ಸುಮ್ಮನೆ ಬಿಟ್ಟು, ಹತ್ತರ ಮೇಲೂ ಒಂದೊಂದು ಕ್ವೆರಿ ಕಳಿಸಿದೆವು. ಹತ್ತೂ ನಿಂತವು. 55 ನಿಮಿಷ ಬಿಟ್ಟಾಗ ಹತ್ತೂ ಓಡಿದವು. ಆಮೇಲೆ ವಾದ ಮಾಡಲು ಯಾರಿಗೂ ಏನೂ ಉಳಿಯಲಿಲ್ಲ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ದಾರಿಯ ಪ್ರತಿ ರೌಟರ್‌ನಲ್ಲೂ ನಷ್ಟ ಎಷ್ಟೆಂದು ತೋರಿಸುವ ಎಂಟಿಆರ್ ಓಡಿಸಿದರೆ ದಾರಿ ಮಧ್ಯದ ಒಂದು ರೌಟರ್‌ನಲ್ಲಿ 40 ಶೇಕಡಾ ನಷ್ಟ ತೋರಿಸುತ್ತದೆ, ಅದೇ ಅಪರಾಧಿಯಲ್ಲವೇ ಎಂದು ಒಬ್ಬರು ಕೇಳಿದರು. ಅದರ ಮುಂದಿನ ಸಾಲುಗಳನ್ನು ನೋಡಿ. ಕೊನೆಯ ಯಂತ್ರದಲ್ಲಿ ನಷ್ಟ ಸೊನ್ನೆ ಇದ್ದರೆ ಆ ರೌಟರ್ ನಿಮ್ಮ ಪ್ಯಾಕೆಟ್‌ಗಳನ್ನು ಸರಿಯಾಗಿಯೇ ಸಾಗಿಸುತ್ತಿದೆ, ತನ್ನನ್ನೇ ಉದ್ದೇಶಿಸಿ ಕೇಳಿದವರಿಗೆ ಉತ್ತರಿಸಲು ಮಾತ್ರ ಅದಕ್ಕೆ ಪುರುಸೊತ್ತಿಲ್ಲ. ನಷ್ಟ ಅಲ್ಲಿ ಶುರುವಾಗಿ ಕೊನೆಯವರೆಗೂ ಹಾಗೆಯೇ ಮುಂದುವರಿದರೆ ಮಾತ್ರ ಅನುಮಾನಿಸಿ.

ಇನ್ನೊಬ್ಬರು, ಆ ಅಪ್ಲಿಕೇಶನ್ ಕೊನೆಗೆ ಹೇಗೆ ಸರಿಹೋಯಿತು ಎಂದು ಕೇಳಿದರು. ಕೀಪ್‌ಅಲೈವ್ ಚಾಲೂ ಮಾಡಿ 300 ಸೆಕೆಂಡ್ ಇಟ್ಟೆವು, ಅರ್ಧ ಗಂಟೆಗಿಂತ ಹಳೆಯ ಕನೆಕ್ಷನ್ನನ್ನು ಪೂಲ್ ತಾನೇ ಮುಚ್ಚುವಂತೆ ಮಾಡಿದೆವು. ಫೈರ್‌ವಾಲ್ ಮುಟ್ಟಲಿಲ್ಲ. ಹೊಸ ಸ್ವಿಚ್ ಅಲ್ಲೇ ಉಳಿಯಿತು. ಪೂಲ್ ಈಗಲೂ 50ರಲ್ಲೇ ಇದೆಯಂತೆ. ಯಾಕೆ 50 ಎಂದು ಈಗ ಅಲ್ಲಿರುವ ಯಾರಿಗೂ ಗೊತ್ತಿಲ್ಲ, ಇಳಿಸಲು ಧೈರ್ಯವೂ ಇಲ್ಲ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದರು.